ಪರರಿಗಾಗಿ ಹೊಣೆ ನಿಂತ ಜಾನ್ ಅಗಸ್ಟಸ್

ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಅಂತಿಮ ತೀರ್ಪಿನ ದಿನವನ್ನು ವರ್ಣಿಸುತ್ತಾರೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗಳಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳಿಗೆ ಆರೈಕೆ, ಸೆರೆಯಲ್ಲಿರುವವರ ಭೇಟಿ, ಈ ಆರು ಕಾರ್ಯಗಳನ್ನೇ ಆ ದಿನ ಅಳತೆಗೋಲಾಗಿ ಹಿಡಿಯಲಾಗುವುದು ಎಂದು ಹೇಳುತ್ತಾರೆ. ಇವುಗಳಲ್ಲಿ ಮೊದಲ ಐದನ್ನು ನಮ್ಮ ಧರ್ಮಕೇಂದ್ರಗಳು ಒಂದಲ್ಲ ಒಂದು ರೀತಿಯಲ್ಲಿ ಮಾಡುತ್ತಲೇ ಬಂದಿವೆ. ಬಡ ಕುಟುಂಬಗಳಿಗೆ ಅಕ್ಕಿ ಬೇಳೆ ಹಂಚುತ್ತೇವೆ, ಬಟ್ಟೆ ಸಂಗ್ರಹಿಸುತ್ತೇವೆ, ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಂಡೊಯ್ಯುತ್ತೇವೆ. ಆರನೆಯ ಕಾರ್ಯಕ್ಕೆ ಬಂದಾಗ ಮಾತ್ರ ನಮ್ಮ ಕಾಲು ಹಿಂದೇಟು ಹಾಕುತ್ತದೆ. ಜೈಲಿನ ನಂಟೇ ಬೇಡ ಎಂಬುದು ಮರ್ಯಾದಸ್ಥ ಕುಟುಂಬಗಳ ಸಾಮಾನ್ಯ ಭಾವನೆ.

ಸೆರೆಮನೆಗೆ ಹೋಗಿ ಕೈದಿಯನ್ನು ಕಾಣುವುದು ದೊಡ್ಡ ಪುಣ್ಯಕಾರ್ಯ. ಆದರೆ ಮನುಷ್ಯನೊಬ್ಬ ಸೆರೆಮನೆಯ ಬಾಗಿಲು ದಾಟುವ ಮೊದಲೇ ಅವನ ಪಕ್ಕದಲ್ಲಿ ನಿಂತು, ಈತನಿಗೆ ನಾನು ಹೊಣೆ ಎಂದು ನ್ಯಾಯಾಧೀಶರ ಮುಂದೆ ಹೇಳಿದ ಒಬ್ಬ ಮಹನೀಯರಿದ್ದರು. ಅವರು ಗುರುಗಳಲ್ಲ, ಸನ್ಯಾಸಿಯಲ್ಲ, ವಕೀಲರೂ ಅಲ್ಲ. ಕಥೋಲಿಕ ಧರ್ಮಸಭೆಗೆ ಸೇರಿದವರೂ ಅಲ್ಲ. ಬೂಟು ಹೊಲಿದು ಮಾರಿ ಜೀವನ ಸಾಗಿಸುತ್ತಿದ್ದ ಒಬ್ಬ ಸಂಸಾರಸ್ಥರು. ಅವರೇ ಅಮೆರಿಕದ ಬಾಸ್ಟನ್ ನಗರದ ಜಾನ್ ಅಗಸ್ಟಸ್. ಅಪರಾಧಿಯನ್ನು ಜೈಲಿಗೆ ಅಟ್ಟದೆ, ಒಬ್ಬರ ಮೇಲ್ವಿಚಾರಣೆಯಲ್ಲಿ ಮನೆಯಲ್ಲೇ ಇರಿಸಿ ತಿದ್ದುವ ಕ್ರಮಕ್ಕೆ ಪ್ರೊಬೇಷನ್ ಎಂದು ಹೆಸರು. ನಮ್ಮ ಕಾನೂನು ಇದನ್ನು ಪರಿವೀಕ್ಷಣೆ ಎನ್ನುತ್ತದೆ. ಇಂದು ಅನೇಕ ದೇಶಗಳಲ್ಲಿ ಜಾರಿಯಲ್ಲಿರುವ ಈ ಪದ್ಧತಿಯ ಪಿತಾಮಹರೆಂದು ಅಗಸ್ಟಸ್ ಅವರನ್ನು ಗೌರವಿಸಲಾಗುತ್ತದೆ.

ಬಾಸ್ಟನ್ನಿನ ಬೂಟು ವ್ಯಾಪಾರಿ

ಜಾನ್ ಅಗಸ್ಟಸ್ ಹುಟ್ಟಿದ್ದು 1785ರ ಸುಮಾರಿಗೆ, ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ. ಯುವಕನಾಗಿದ್ದಾಗ ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ ಬೂಟು ಹೊಲಿಯುವ ಕಸುಬಿಗೆ ಇಳಿದರು. ಕೈಕೆಲಸ ಚೆನ್ನಾಗಿತ್ತು, ದುಡಿಮೆಯಲ್ಲಿ ಪ್ರಾಮಾಣಿಕತೆ ಇತ್ತು. 1820ರ ದಶಕದ ಕೊನೆಯ ಹೊತ್ತಿಗೆ ಅವರು ಬಾಸ್ಟನ್ ನಗರದಲ್ಲಿ ನೆಲೆಸಿದ್ದರು. ಅವರ ಅಂಗಡಿ ಪೊಲೀಸ್ ನ್ಯಾಯಾಲಯಕ್ಕೆ ಹತ್ತಿರದಲ್ಲೇ ಇತ್ತು. ವ್ಯಾಪಾರ ಕುದುರಿತು, ಕೈಕೆಳಗೆ ಕೆಲಸಗಾರರೂ ಇದ್ದರು. ಐವತ್ತು ದಾಟಿದ ವಯಸ್ಸಿನಲ್ಲಿ ನೆಮ್ಮದಿಯಾಗಿ ಕಾಲ ಕಳೆಯಲು ಬೇಕಾದುದೆಲ್ಲ ಅವರಿಗಿತ್ತು.

ಆ ಕಾಲದ ಬಾಸ್ಟನ್ನಿನಲ್ಲಿ ಕುಡಿತ ದೊಡ್ಡ ಪಿಡುಗಾಗಿತ್ತು. ಕೂಲಿ ಮಾಡಿದ ದುಡ್ಡನ್ನೆಲ್ಲ ಹೆಂಡದಂಗಡಿಗೆ ಸುರಿದು, ಹೆಂಡತಿ ಮಕ್ಕಳನ್ನು ಉಪವಾಸ ಕೆಡವಿ, ಬೀದಿಯಲ್ಲಿ ಬಿದ್ದುಕೊಳ್ಳುತ್ತಿದ್ದ ಗಂಡಸರು ನೂರಾರು. ಪೊಲೀಸರು ಅವರನ್ನು ಎತ್ತಿ ತಂದು ನ್ಯಾಯಾಲಯದ ಮುಂದೆ ನಿಲ್ಲಿಸುತ್ತಿದ್ದರು. ನ್ಯಾಯಾಧೀಶರು ಅವರನ್ನು ತಿದ್ದುಮನೆ ಎಂದು ಕರೆಯಲಾಗುತ್ತಿದ್ದ ಜೈಲಿಗೆ ಕಳುಹಿಸುತ್ತಿದ್ದರು. ಹೆಸರು ತಿದ್ದುಮನೆಯಾದರೂ ಅಲ್ಲಿ ತಿದ್ದಿಕೊಂಡು ಬಂದವರು ಅಪರೂಪ. ಶಿಕ್ಷೆ ಮುಗಿದು ಹೊರಗೆ ಬಂದರೆ ಕೆಲಸವಿಲ್ಲ, ಮನೆಯವರ ಆದರವಿಲ್ಲ. ಮತ್ತೆ ಹೆಂಡದಂಗಡಿ, ಮತ್ತೆ ಪೊಲೀಸರು, ಮತ್ತೆ ಅದೇ ಕಟಕಟೆ.

ಇದೇ ಸಮಯದಲ್ಲಿ ಕುಡುಕರನ್ನು ಬೈದು ದೂರ ಮಾಡುವುದರ ಬದಲು ಸ್ನೇಹದಿಂದ ಗೆದ್ದುಕೊಳ್ಳಬೇಕು ಎಂಬ ಚಳವಳಿ ಆರಂಭವಾಯಿತು. ಐರ್ಲೆಂಡಿನಲ್ಲಿ ಕಪುಚಿನ್ ಸಭೆಯ ಗುರುಗಳಾದ ಥಿಯೋಬಾಲ್ಡ್ ಮ್ಯಾಥ್ಯೂ 1838ರಿಂದ ಲಕ್ಷಾಂತರ ಜನರಿಗೆ ಮದ್ಯ ಮುಟ್ಟೆವೆಂಬ ಪ್ರತಿಜ್ಞೆ ಬೋಧಿಸುತ್ತಿದ್ದರು. ಅಮೆರಿಕದಲ್ಲಿ 1840ರಲ್ಲಿ ವಾಷಿಂಗ್ಟನ್ ಹೆಸರಿನ ಪಾನತ್ಯಾಗ ಸಂಘ ಹುಟ್ಟಿತು. ಅದರ ಸದಸ್ಯರಲ್ಲಿ ಬಹುಮಂದಿ ಸ್ವತಃ ಕುಡಿತದಿಂದ ಎದ್ದು ಬಂದವರು. ಬಾಸ್ಟನ್ನಿನಲ್ಲಿ ಆ ಸಂಘ ಸೇರಿದವರಲ್ಲಿ ಅಗಸ್ಟಸ್ ಒಬ್ಬರು. ಆದರೆ ಸಭೆಯಲ್ಲಿ ಕೂತು ಭಾಷಣ ಕೇಳಿ ಮನೆಗೆ ಹೋಗುವುದು ಅವರಿಗೆ ಸಾಲದಾಯಿತು. ಕುಡುಕರು ಎಲ್ಲಿ ಬಂದು ಸೇರುತ್ತಾರೋ ಅಲ್ಲಿಗೇ, ಅಂದರೆ ನ್ಯಾಯಾಲಯಕ್ಕೇ ಹೋಗತೊಡಗಿದರು.

ಒಂದು ಸೆಂಟ್ ದಂಡ

1841ರ ಆಗಸ್ಟ್ ತಿಂಗಳಿನ ಒಂದು ಬೆಳಗ್ಗೆ ಅಗಸ್ಟಸ್ ಪೊಲೀಸ್ ನ್ಯಾಯಾಲಯದಲ್ಲಿ ಕುಳಿತಿದ್ದರು. ಲಾಕಪ್ಪಿನ ಬಾಗಿಲು ತೆರೆಯಿತು. ಅಧಿಕಾರಿಯೊಬ್ಬನ ಹಿಂದೆ ಹರಕು ಬಟ್ಟೆಯ, ಕಂಗೆಟ್ಟ ಮುಖದ ಒಬ್ಬ ಮನುಷ್ಯ ಬಂದು ಆರೋಪಿಗಳ ಬೆಂಚಿನ ಮೇಲೆ ಕುಳಿತ. ಅವನು ನಿತ್ಯ ಕುಡುಕ ಎಂಬುದೇ ಅವನ ಮೇಲಿದ್ದ ಆರೋಪ. ಸಾಕ್ಷ್ಯ ಸ್ಪಷ್ಟವಾಗಿತ್ತು, ಆರೋಪ ರುಜುವಾತಾಯಿತು. ಇನ್ನು ಉಳಿದದ್ದು ಶಿಕ್ಷೆಯ ಘೋಷಣೆ ಮಾತ್ರ.

ಆ ನಡುವಿನ ಕೆಲವು ನಿಮಿಷಗಳಲ್ಲಿ ಅಗಸ್ಟಸ್ ಎದ್ದು ಹೋಗಿ ಅವನೊಡನೆ ಮಾತನಾಡಿದರು. ಅವನ ಅವತಾರ ನೋಡಿದವರಾರೂ ಇವನು ಮತ್ತೆ ಮನುಷ್ಯನಾದಾನು ಎಂದು ನಂಬುವಂತಿರಲಿಲ್ಲ. ಆದರೆ ತನ್ನನ್ನು ಜೈಲಿನಿಂದ ಉಳಿಸಿದರೆ ಇನ್ನು ಹೆಂಡ ಮುಟ್ಟುವುದಿಲ್ಲ ಎಂದು ಅವನು ಹೇಳಿದಾಗ ಆ ಮಾತಿನಲ್ಲಿ ಸತ್ಯವಿದೆ ಎಂದು ಅಗಸ್ಟಸ್ ಅವರಿಗೆ ಅನಿಸಿತು. ಅವರು ನ್ಯಾಯಾಧೀಶರ ಅನುಮತಿ ಪಡೆದು ಜಾಮೀನು ನಿಂತರು. ಆ ಮನುಷ್ಯ ಗೊತ್ತಾದ ದಿನ ಹಾಜರಾಗದಿದ್ದರೆ ನಿಗದಿಯಾದ ಹಣವನ್ನು ಅಗಸ್ಟಸ್ ತಮ್ಮ ಕೈಯಿಂದ ಕಟ್ಟಬೇಕಾಗಿತ್ತು. ಮೂರು ವಾರ ಬಿಟ್ಟು ಶಿಕ್ಷೆ ಕೇಳಲು ಬರಬೇಕೆಂದು ನ್ಯಾಯಾಲಯ ಆಜ್ಞಾಪಿಸಿತು.

ಅವನು ಪಾನತ್ಯಾಗದ ಪ್ರತಿಜ್ಞೆಗೆ ಸಹಿ ಹಾಕಿದ. ಮೂರು ವಾರಗಳು ಕಳೆದವು. ಗೊತ್ತಾದ ದಿನ ಅಗಸ್ಟಸ್ ಅವನನ್ನು ನ್ಯಾಯಾಲಯಕ್ಕೆ ಕರೆತಂದಾಗ ಅಲ್ಲಿದ್ದವರಿಗೆ ಗುರುತೇ ಸಿಗಲಿಲ್ಲ. ಹಿಂದೆ ಅದೇ ಜಾಗದಲ್ಲಿ ನಡುಗುತ್ತ ನಿಂತಿದ್ದವನು ಈಗ ಅಚ್ಚುಕಟ್ಟಾಗಿ, ಸ್ವಸ್ಥನಾಗಿ ನಿಂತಿದ್ದ. ನ್ಯಾಯಾಧೀಶರಿಗೆ ಸಂತೋಷವಾಯಿತು. ಜೈಲುವಾಸದ ಬದಲು ಅವರು ವಿಧಿಸಿದ್ದು ಒಂದೇ ಒಂದು ಸೆಂಟ್ ದಂಡ. ನ್ಯಾಯಾಲಯದ ಖರ್ಚು ಸೇರಿ ಒಟ್ಟು 3 ಡಾಲರ್ 76 ಸೆಂಟ್ ಆಯಿತು, ಅದನ್ನು ಅಲ್ಲೇ ಕಟ್ಟಲಾಯಿತು. ಆ ಮನುಷ್ಯ ಮುಂದೆಯೂ ಕುಡಿತ ಬಿಟ್ಟು ದುಡಿದು ಬದುಕಿದ ಎಂದು ಅಗಸ್ಟಸ್ ದಾಖಲಿಸಿದ್ದಾರೆ. ಅವನ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಆದರೆ ಲೋಕದಲ್ಲಿ ಪ್ರೊಬೇಷನ್ ಪದ್ಧತಿ ಹುಟ್ಟಿದ್ದು ಆತನಿಂದ ಎನ್ನಬಹುದು.

ಅದೇ ವರ್ಷ, ಟ್ಯೂರಿನ್ ನಗರದಲ್ಲಿ

ಅದೇ 1841ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ನಡೆದುದನ್ನು ನಾವು ಇಲ್ಲಿ ನೆನೆಯಬೇಕು. ಆ ವರ್ಷ ಜೂನ್ 5ರಂದು ಗುರುದೀಕ್ಷೆ ಪಡೆದ ಡಾನ್ ಬೋಸ್ಕೊರವರನ್ನು ಅವರ ಆಧ್ಯಾತ್ಮಿಕ ಗುರುಗಳಾದ ಸಂತ ಜೋಸೆಫ್ ಕಫಾಸ್ಸೊ ನಗರದ ಸೆರೆಮನೆಗಳಿಗೆ ಕರೆದೊಯ್ದರು. ಗಲ್ಲಿಗೇರುವವರ ಜೊತೆ ಕೊನೆಯ ಹೆಜ್ಜೆಯವರೆಗೂ ನಡೆಯುತ್ತಿದ್ದ ಕಫಾಸ್ಸೊ ಇಂದು ಇಟಲಿಯ ಸೆರೆಮನೆಗಳ ಪಾಲಕ ಸಂತರು. ಅಲ್ಲಿ ಹದಿಹರೆಯದ ಹುಡುಗರು ಕೆಲಸವಿಲ್ಲದೆ, ಅನ್ನವಿಲ್ಲದೆ, ಹುಳಗಳ ಕಾಟದಲ್ಲಿ ನರಳುವುದನ್ನು ಕಂಡು ಡಾನ್ ಬೋಸ್ಕೊ ತಲ್ಲಣಿಸಿದರು. ಬಿಡುಗಡೆಯಾದವರೇ ಮತ್ತೆ ಮತ್ತೆ ಒಳಗೆ ಬರುತ್ತಿದ್ದರು. ಹೊರಗೆ ಅವರನ್ನು ವಿಚಾರಿಸುವ ಒಬ್ಬ ಸ್ನೇಹಿತನಿದ್ದಿದ್ದರೆ ಇವರು ಇಲ್ಲಿಗೆ ಮರಳುತ್ತಿರಲಿಲ್ಲ ಎಂಬ ಯೋಚನೆ ಅವರಲ್ಲಿ ಬೇರೂರಿತು. ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಬಾರ್ತೊಲೊಮೆಯೊ ಗರೆಲ್ಲಿ ಎಂಬ ಅನಾಥ ಹುಡುಗನೊಡನೆ ಅವರ ಸೇವೆ ಆರಂಭವಾಯಿತು. ಮುಂದೆ ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಮಾಲೀಕರೊಡನೆ ಬರೆದುಕೊಳ್ಳುವ ಕರಾರಿಗೆ ಡಾನ್ ಬೋಸ್ಕೊ ತಾವೂ ಸಹಿ ಹಾಕುತ್ತಿದ್ದರು.

ಬಾಸ್ಟನ್ನಿನ ಬೂಟು ವ್ಯಾಪಾರಿಗೂ ಟ್ಯೂರಿನ್ನಿನ ಯುವ ಗುರುವಿಗೂ ಪರಸ್ಪರ ಪರಿಚಯವಿರಲಿಲ್ಲ. ಆದರೂ ಕೆಲವೇ ತಿಂಗಳುಗಳ ಅಂತರದಲ್ಲಿ ಇಬ್ಬರೂ ಕಂಡುಕೊಂಡದ್ದು ಒಂದೇ ಸತ್ಯ. ಬಿದ್ದವನನ್ನು ಎಬ್ಬಿಸಲು ಗೋಡೆ ಸಾಲದು, ಹೊಣೆ ಹೊರುವ ಮನುಷ್ಯ ಬೇಕು. ಪವಿತ್ರಾತ್ಮರು ತಮಗೆ ಬೇಕಾದೆಡೆ ಬೀಸುತ್ತಾರೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಕುರುಡು ಕರುಣೆಯಲ್ಲ

ಅಗಸ್ಟಸ್ ಅವರ ಕರುಣೆ ಕಣ್ಣು ಮುಚ್ಚಿದ ಕರುಣೆಯಾಗಿರಲಿಲ್ಲ. ಎದುರಿಗೆ ಬಂದವರಿಗೆಲ್ಲ ಅವರು ಜಾಮೀನು ನಿಲ್ಲುತ್ತಿರಲಿಲ್ಲ. ಮುಖ್ಯವಾಗಿ ಮೊದಲ ಬಾರಿ ತಪ್ಪು ಮಾಡಿದವರನ್ನೂ, ಹೃದಯ ಇನ್ನೂ ಪೂರ್ತಿ ಕಲ್ಲಾಗದವರನ್ನೂ ಆರಿಸಿಕೊಳ್ಳುತ್ತಿದ್ದರು. ಆರೋಪಿಯ ಹಿಂದಿನ ನಡತೆ ಹೇಗಿತ್ತು, ವಯಸ್ಸೆಷ್ಟು, ಬಿಟ್ಟರೆ ಮುಂದೆ ಯಾರ ಸಹವಾಸಕ್ಕೆ ಬೀಳುತ್ತಾನೆ ಎಂದು ವಿಚಾರಿಸುತ್ತಿದ್ದರು. ಆಮೇಲೆ ನ್ಯಾಯಾಲಯಕ್ಕೆ ಮಾತು ಕೊಡುತ್ತಿದ್ದರು: ಇವನ ನಡತೆಯನ್ನು ಗಮನಿಸುತ್ತೇನೆ, ಶಾಲೆಗೋ ಪ್ರಾಮಾಣಿಕ ಕೆಲಸಕ್ಕೋ ಹಚ್ಚುತ್ತೇನೆ, ಇರಲು ನೆಲೆ ಮಾಡಿಕೊಡುತ್ತೇನೆ, ಕೇಳಿದಾಗ ಇದ್ದದ್ದನ್ನು ಇದ್ದಂತೆ ವರದಿ ಮಾಡುತ್ತೇನೆ. ಪ್ರತಿಯೊಬ್ಬರ ವಿವರವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಇಂದು ಪರಿವೀಕ್ಷಣಾಧಿಕಾರಿಗಳು ಮಾಡುವ ವಿಚಾರಣೆ, ಮೇಲ್ವಿಚಾರಣೆ, ವರದಿ ಇವೆಲ್ಲದರ ಬೀಜ ಆ ಪುಸ್ತಕದಲ್ಲಿತ್ತು.

ಮೊದಲು ಗಂಡಸರಿಗೆ ಮಾತ್ರ ಜಾಮೀನು ನಿಲ್ಲುತ್ತಿದ್ದವರು ಬೇಗನೆ ಹೆಂಗಸರಿಗೂ ನಿಲ್ಲತೊಡಗಿದರು. ಬಡತನದಿಂದಲೋ ಮೋಸದಿಂದಲೋ ದುರ್ಮಾರ್ಗಕ್ಕೆ ಸಿಲುಕಿದ ಹೆಣ್ಣುಮಕ್ಕಳೂ ಅವರಲ್ಲಿದ್ದರು. ಅಂಥವರ ಹೆಸರು ಹೇಳಲೂ ಸಭ್ಯ ಜನ ಹೇಸುತ್ತಿದ್ದ ಕಾಲ ಅದು. ಹೋಗಲು ಬೇರೆ ಜಾಗ ಇಲ್ಲದವರಿಗೆ ಅಗಸ್ಟಸ್ ಅವರ ಮನೆಯೇ ಆಸರೆಯಾಯಿತು. ಸ್ವಂತ ಮನೆಯ ಬಾಗಿಲು ತೆರೆಯುವುದು ಹಣದ ಜಾಮೀನಿಗಿಂತ ದೊಡ್ಡ ಜಾಮೀನು. ಒಬ್ಬ ಗೃಹಸ್ಥ ಹೀಗೆ ಮಾಡಬೇಕಾದರೆ ಇಡೀ ಕುಟುಂಬ ಅದರ ಭಾರ ಹೊರಬೇಕಾಗುತ್ತದೆ ಎಂಬುದನ್ನು ಸಂಸಾರ ನಡೆಸುವವರೆಲ್ಲ ಬಲ್ಲರು.

ಪ್ರೊಬೇಷನ್ ಎಂಬ ಹೆಸರು ಈ ಕೆಲಸಕ್ಕೆ ಅಂಟಿಕೊಂಡದ್ದೂ ಅವರಿಂದಲೇ. ಅದರ ಮೂಲ ಲತೀನ್ ಭಾಷೆಯಲ್ಲಿದೆ, ಪರೀಕ್ಷಿಸಿ ನೋಡುವುದು ಎಂದು ಅದರ ಅರ್ಥ. ನಮ್ಮ ಧಾರ್ಮಿಕ ಸಭೆಗಳಿಗೆ ಈ ಮಾತು ಹೊಸದಲ್ಲ. ಯೇಸುಸಭೆಯವರು ಹೊಸಬರನ್ನು ಸಭೆಗೆ ಸೇರಿಸಿಕೊಳ್ಳುವ ಮುಂಚಿನ ಪರೀಕ್ಷಾ ಅವಧಿಯನ್ನು ಮೊದಲಿನಿಂದಲೂ ಇದೇ ಹೆಸರಿನಿಂದ ಕರೆದಿದ್ದಾರೆ. ಮಠಕ್ಕೆ ಸೇರುವ ಯುವಕನಿಗೆ ಕೊಡುವ ಕಾಲಾವಕಾಶವನ್ನು ಬಾಸ್ಟನ್ನಿನ ಕುಡುಕನಿಗೂ ಕೊಡಬಹುದು ಎಂದು ಅಗಸ್ಟಸ್ ತೋರಿಸಿಕೊಟ್ಟರು.

ಮಕ್ಕಳ ಮೇಲಿನ ಮಮತೆ

1843ರಲ್ಲಿ ಎಂಟು ಮತ್ತು ಹತ್ತು ವರ್ಷದ ಇಬ್ಬರು ಹುಡುಗಿಯರು ಹಾಗೂ ಹನ್ನೊಂದು ವರ್ಷದ ಒಬ್ಬ ಹುಡುಗ ಕಳ್ಳತನದ ಆರೋಪ ಹೊತ್ತು ಬಂದಾಗ ಅಗಸ್ಟಸ್ ಅವರಿಗೆ ಹೊಣೆಯಾದರು. ಅಲ್ಲಿಂದ ಮಕ್ಕಳ ರಕ್ಷಣೆ ಅವರ ಸೇವೆಯ ದೊಡ್ಡ ಭಾಗವಾಯಿತು. 1846ರ ಹೊತ್ತಿಗೆ ಒಂಬತ್ತರಿಂದ ಹದಿನಾರು ವರ್ಷದವರೆಗಿನ ಸುಮಾರು ಮೂವತ್ತು ಮಕ್ಕಳು ಅವರ ಮೇಲ್ವಿಚಾರಣೆಯಲ್ಲಿದ್ದರು.

1847ರ ಪ್ರಸಂಗವಂತೂ ಮರೆಯಲಾಗದ್ದು. ಆ ವರ್ಷ ಅವರು ಏಳರಿಂದ ಹದಿನೈದು ವರ್ಷದೊಳಗಿನ 19 ಹುಡುಗರಿಗೆ ಜಾಮೀನು ನಿಂತರು. ಇವರ ಮೊಕದ್ದಮೆಗಳನ್ನು ಕೂಡಲೇ ತೀರ್ಮಾನಿಸದೆ ಕೆಲವು ತಿಂಗಳು ಮುಂದೂಡುತ್ತ ಹೋಗಲು ನ್ಯಾಯಾಲಯ ಒಪ್ಪಿತು. ತಿಂಗಳಿಗೊಮ್ಮೆ ಪಟ್ಟಿ ಕೂಗಿದಾಗ ಅಗಸ್ಟಸ್ ಎದ್ದು ನಿಂತು ಪ್ರತಿ ಹುಡುಗನ ನಡತೆಯ ವರದಿ ಕೊಡುತ್ತಿದ್ದರು. ಐದಾರು ತಿಂಗಳು ಹೀಗೇ ನಡೆಯಿತು. ಅವಧಿ ಮುಗಿದಾಗ ಹನ್ನೆರಡು ಹುಡುಗರನ್ನು ಒಟ್ಟಿಗೆ ನ್ಯಾಯಾಲಯಕ್ಕೆ ಕರೆತರಲಾಯಿತು. ಅವರ ಬದಲಾದ ರೂಪ ನೋಡಿ ನ್ಯಾಯಾಧೀಶರಿಗೆ ಸಂತೋಷದ ಜೊತೆ ಆಶ್ಚರ್ಯವೂ ಆಯಿತು. ಕಾನೂನಿನ ಉದ್ದೇಶ ಈಡೇರಿತು ಎಂದು ಅವರು ಅಗಸ್ಟಸ್ ಅವರ ಕ್ರಮವನ್ನು ಮನಸಾರೆ ಮೆಚ್ಚಿಕೊಂಡರು. ವಿಧಿಸಿದ ದಂಡ ತಲಾ ಹತ್ತು ಸೆಂಟ್. ಏಳು ಹುಡುಗರಿಗೆ ಅದನ್ನು ಕಟ್ಟುವ ಶಕ್ತಿಯೂ ಇರಲಿಲ್ಲ. ಅವರ ಪಾಲಿನದನ್ನು ಅಗಸ್ಟಸ್ ಕಟ್ಟಿದರು.

ತೆತ್ತ ಬೆಲೆ

ಒಳ್ಳೆಯ ಕೆಲಸಕ್ಕೆ ವಿರೋಧ ಬಾರದೆ ಇರುತ್ತದೆಯೇ? ಆಗಿನ ಪದ್ಧತಿಯಲ್ಲಿ ಆರೋಪಿಯನ್ನು ಜೈಲಿಗೆ ಮುಟ್ಟಿಸಿದ ಅಧಿಕಾರಿಗೆ ತಲೆಗೆ ಮುಕ್ಕಾಲು ಡಾಲರಿನವರೆಗೆ ಫೀಸು ಸಿಗುತ್ತಿತ್ತು. ಅಗಸ್ಟಸ್ ಒಬ್ಬೊಬ್ಬರಿಗೆ ಜಾಮೀನು ನಿಂತಾಗಲೂ ಆ ಫೀಸು ಕೈತಪ್ಪುತ್ತಿತ್ತು. ನ್ಯಾಯಾಲಯದ ಸಿಬ್ಬಂದಿಯಲ್ಲಿ ಹಲವರು ಅವರನ್ನು ಕಂಡರೆ ಉರಿದುಬೀಳುತ್ತಿದ್ದರು. ಇವರು ಅಪರಾಧಕ್ಕೆ ಕುಮ್ಮಕ್ಕು ಕೊಡುತ್ತಿದ್ದಾರೆ ಎಂದು ಕೆಲವರು ದೂರಿದರು. ಇದರಲ್ಲಿ ಇವರಿಗೇನೋ ಲಾಭವಿರಬೇಕು ಎಂದು ಇನ್ನು ಕೆಲವರು ಗುಸುಗುಟ್ಟಿದರು.

ವಾಸ್ತವದಲ್ಲಿ ಆದದ್ದು ನಷ್ಟ. ದಿನವೂ ನ್ಯಾಯಾಲಯದಲ್ಲಿ ಕುಳಿತವರಿಗೆ ಅಂಗಡಿಯಲ್ಲಿ ಕೂರಲು ಸಮಯವೆಲ್ಲಿ? ವ್ಯಾಪಾರ ಸೊರಗಿತು. ಹೊರೇಸ್ ಮ್ಯಾನ್, ಥಿಯೋಡೋರ್ ಪಾರ್ಕರ್ ಮುಂತಾದ ಆ ಕಾಲದ ಗಣ್ಯರೂ ಇತರ ದಾನಿಗಳೂ ಬೆಂಬಲಕ್ಕೆ ನಿಂತರು. ಬಂದ ದೇಣಿಗೆಯೆಲ್ಲ ತಾವು ಹೊಣೆ ನಿಂತವರ ಊಟ, ಬಟ್ಟೆ, ದಂಡಗಳಿಗೇ ಖರ್ಚಾಗುತ್ತಿತ್ತು. ಯಾವ ಸರ್ಕಾರಿ ಹುದ್ದೆಯೂ ಸಂಬಳವೂ ಅವರಿಗಿರಲಿಲ್ಲ. 1852ರಲ್ಲಿ ಅವರು ತಮ್ಮ ಸೇವೆಯ ವರದಿಯೊಂದನ್ನು ಅಚ್ಚು ಹಾಕಿಸಿ ಎಲ್ಲ ಲೆಕ್ಕವನ್ನೂ ಜನರ ಮುಂದಿಟ್ಟರು. ತಮ್ಮ ಕೆಲಸದಿಂದ ಸರ್ಕಾರಕ್ಕೆ ಸಾವಿರಾರು ಡಾಲರು ಉಳಿದಿದೆ, ತಮ್ಮ ಜೇಬು ಮಾತ್ರ ಬರಿದಾಗಿದೆ ಎಂದು ಅದರಲ್ಲಿ ಸರಳವಾಗಿ ಹೇಳಿಕೊಂಡರು. ಕಾನೂನಿನ ಗುರಿ ಅಪರಾಧಿಯನ್ನು ತಿದ್ದುವುದು ಮತ್ತು ಅಪರಾಧವನ್ನು ತಡೆಯುವುದೇ ಹೊರತು ಸೇಡು ತೀರಿಸಿಕೊಳ್ಳುವುದಲ್ಲ ಎಂಬುದು ಅವರ ದೃಢ ನಂಬಿಕೆ.

1858ರವರೆಗೆ ಅವರು ಹೊಣೆ ನಿಂತವರ ಸಂಖ್ಯೆ 1,946. ಇವರಲ್ಲಿ ಜಾಮೀನು ಮುರಿದವರು ಸುಮಾರು ಹತ್ತೇ ಮಂದಿ ಎಂದು ಹೇಳಲಾಗಿದೆ. 1859ರ ಜೂನ್ 21ರಂದು ಜಾನ್ ಅಗಸ್ಟಸ್ ಬಾಸ್ಟನ್ನಿನಲ್ಲಿ ತೀರಿಕೊಂಡರು. ಒಂದು ಕಾಲದಲ್ಲಿ ಅನುಕೂಲಸ್ಥ ವ್ಯಾಪಾರಿಯಾಗಿದ್ದವರು ಸಾಯುವಾಗ ಬಡವರಾಗಿದ್ದರು.

ಬಿತ್ತಿದ ಬೀಜ ಮರವಾಯಿತು

ಗೋಧಿಯ ಕಾಳು ನೆಲಕ್ಕೆ ಬಿದ್ದು ಸತ್ತರೆ ಹೆಚ್ಚು ಫಲ ಕೊಡುತ್ತದೆ ಎಂಬ ಪ್ರಭುವಿನ ಮಾತು ಇಲ್ಲಿಯೂ ನಿಜವಾಯಿತು. ಅವರು ತೀರಿಕೊಂಡ ಮೇಲೂ ಕೆಲವು ಸ್ವಯಂಸೇವಕರು ಬಾಸ್ಟನ್ನಿನಲ್ಲಿ ಈ ಕೆಲಸ ಮುಂದುವರಿಸಿದರು. 1878ರಲ್ಲಿ ಮಸಾಚುಸೆಟ್ಸ್ ರಾಜ್ಯ ಲೋಕದ ಮೊದಲ ಪ್ರೊಬೇಷನ್ ಕಾನೂನು ಮಾಡಿತು. ಬಾಸ್ಟನ್ನಿನಲ್ಲಿ ಸಂಬಳದ ಮೊದಲ ಪ್ರೊಬೇಷನ್ ಅಧಿಕಾರಿಯಾಗಿ ನೇಮಕಗೊಂಡವರು ಅದೇ ನಗರದ ಮಾಜಿ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಸ್ಯಾವೇಜ್. ಜೈಲಿಗೆ ಕಳುಹಿಸುತ್ತಿದ್ದ ಇಲಾಖೆಯವರೇ ಜೈಲಿನಿಂದ ಉಳಿಸುವ ಕೆಲಸಕ್ಕೆ ಬಂದರು! ಇಂಗ್ಲೆಂಡಿನಲ್ಲಿ 1876ರಿಂದ ಕ್ರೈಸ್ತ ಪಾನತ್ಯಾಗ ಸಂಘದ ಸೇವಕರು ನ್ಯಾಯಾಲಯಗಳಿಗೆ ಹೋಗತೊಡಗಿದರು, 1907ರಲ್ಲಿ ಅಲ್ಲಿಯೂ ಕಾನೂನು ಬಂತು.

ನಮ್ಮ ದೇಶದಲ್ಲಿ 1958ರಲ್ಲಿ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ ಅಂಗೀಕಾರವಾಯಿತು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧಗಳಲ್ಲಿ, ಸಂದರ್ಭ ಮತ್ತು ನಡತೆ ನೋಡಿ, ಗರಿಷ್ಠ ಮೂರು ವರ್ಷದ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಲು ನ್ಯಾಯಾಲಯಕ್ಕೆ ಈ ಕಾನೂನು ಅಧಿಕಾರ ಕೊಡುತ್ತದೆ. 21 ವರ್ಷದೊಳಗಿನವರನ್ನು ಇಂಥ ಅಪರಾಧಗಳಿಗೆ ಜೈಲಿಗೆ ಕಳುಹಿಸಬೇಕಾದರೆ ನ್ಯಾಯಾಲಯ ಕಾರಣ ಬರೆಯಬೇಕು. ನೊಂದವರನ್ನೂ ಕಾನೂನು ಮರೆತಿಲ್ಲ. ಅವರಿಗೆ ಪರಿಹಾರ ಕೊಡುವಂತೆ ಅಪರಾಧಿಗೆ ಆಜ್ಞಾಪಿಸಬಹುದು. ಹೀಗೆ ಬಿಡುಗಡೆಯಾದವನಿಗೆ ಶಿಕ್ಷೆಗೊಳಗಾದವರಿಗಿರುವ ಕಾನೂನಿನ ಅನರ್ಹತೆಗಳೂ ತಟ್ಟುವುದಿಲ್ಲ. ಆದರೆ ಒಂದು ಷರತ್ತಿದೆ. ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ಖಾಯಂ ವಾಸಸ್ಥಳವೋ ನಿಯತ ಉದ್ಯೋಗವೋ ಇರಬೇಕು. ಅಂದರೆ ನೆಲೆಯಿಲ್ಲದ ಬಡವನಿಗೆ ಈ ಬಾಗಿಲು ತೆರೆಯಬೇಕಾದರೆ, ನೆಲೆಯಿರುವ ಇನ್ನೊಬ್ಬರು ಮುಂದೆ ಬರಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನೂ ಒಂದು ಶಿಕ್ಷೆಯಾಗಿ ಸೇರಿಸಿತು. ಕುಡಿದು ಸಾರ್ವಜನಿಕ ಸ್ಥಳದಲ್ಲಿ ದುರ್ವರ್ತನೆ ತೋರಿದವರಿಗೆ ಜೈಲು ಅಥವಾ ದಂಡದ ಬದಲು ಇದನ್ನು ವಿಧಿಸಬಹುದು. ಮೊದಲ ಬಾರಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೂ ಸಮುದಾಯ ಸೇವೆಯೇ ಶಿಕ್ಷೆ. ಅಗಸ್ಟಸ್ ಅವರ ಮೊದಲ ಮೊಕದ್ದಮೆ ಕುಡಿತದ್ದು, ಮಕ್ಕಳ ಮೊದಲ ಮೊಕದ್ದಮೆ ಕಳ್ಳತನದ್ದು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಪೆರೋಲ್ ಇದರಿಂದ ಬೇರೆ. ಪರಿವೀಕ್ಷಣೆ ಜೈಲಿಗೆ ಹೋಗುವ ಬದಲಿಗೆ, ಪೆರೋಲ್ ಜೈಲಿಗೆ ಹೋದ ಮೇಲೆ. ನಮ್ಮಲ್ಲಿ ಕೈದಿಗೆ ಕುಟುಂಬದ ಕಷ್ಟ ಸುಖಗಳಿಗಾಗಿ ಕೆಲವು ದಿನ ಹೊರಗೆ ಹೋಗಿ ಮರಳಲು ಕೊಡುವ ಅನುಮತಿಗೆ ಆ ಹೆಸರಿದೆ. ಫ್ರೆಂಚ್ ಭಾಷೆಯಲ್ಲಿ ಆ ಶಬ್ದಕ್ಕೆ ಮಾತು, ಕೊಟ್ಟ ಮಾತು ಎಂದು ಅರ್ಥ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹುಲಿಗೆ ಮಾತು ಕೊಟ್ಟು ಹೋದ ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಹುಲಿ ಹಸುವಿನ ಮಾತನ್ನು ನಂಬಿತು, ಹಸು ಮಾತು ಉಳಿಸಿಕೊಂಡಿತು, ಕೊನೆಗೆ ಬದಲಾದದ್ದು ಹುಲಿಯ ಮನಸ್ಸು. ನಂಬಿಕೆ ಇಬ್ಬರನ್ನೂ ಪರಿವರ್ತಿಸುತ್ತದೆ.

ನಮ್ಮ ಮನೆ, ನಮ್ಮ ಧರ್ಮಕೇಂದ್ರ

ಕಾನೂನು ಬಿಡುಗಡೆ ಮಾಡಬಲ್ಲುದು. ಆದರೆ ಬಿಡುಗಡೆಯಾದವನನ್ನು ಸ್ವೀಕರಿಸುವ ಕೆಲಸ ಕಾನೂನಿನ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ನಮ್ಮ ಬೀದಿಯ ಹುಡುಗನೊಬ್ಬ ಗಲಾಟೆಯಲ್ಲೋ ಸಣ್ಣ ಕಳ್ಳತನದಲ್ಲೋ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ಭಾನುವಾರದ ಬಲಿಪೂಜೆ ಮುಗಿದು ದೇವಾಲಯದಿಂದ ಹೊರಬರುವಾಗ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ. ಅವನ ತಾಯಿ ಮುಖ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದ ಹೋಗುತ್ತಾಳೆ. ಅವನ ತಂಗಿಯ ಮದುವೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಅವನು ಹೊರಬಂದ ಮೇಲೆ ಕೆಲಸ ಕೊಡುವವರಿಲ್ಲ. ಹಾಗಾದಾಗ ಅವನ ಶಿಕ್ಷೆಯನ್ನು ಮುಂದುವರಿಸುವವರು ನಾವೇ ಆಗುತ್ತೇವೆ.

ಜಾಮೀನು ನಿಲ್ಲುವುದು ಅಪಾಯವಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜ್ಞಾನೋಕ್ತಿಗಳ ಗ್ರಂಥವೇ ದುಡುಕಿ ಹೊಣೆಯಾಗಬೇಡ ಎಂದು ಎಚ್ಚರಿಸುತ್ತದೆ. ಆದರೆ ನಮ್ಮ ಶ್ರೀಗ್ರಂಥದ ಸಿರಾಖನ ಪುಸ್ತಕ 29ನೆಯ ಅಧ್ಯಾಯದಲ್ಲಿ ಎರಡೂ ಮುಖಗಳನ್ನು ತೋರಿಸುತ್ತದೆ. ಒಳ್ಳೆಯವನು ನೆರೆಯವನಿಗೆ ಹೊಣೆಯಾಗುತ್ತಾನೆ, ಆದರೆ ಶಕ್ತಿಗೆ ತಕ್ಕಂತೆ, ತಾನೇ ಬೀಳದಂತೆ ಎಚ್ಚರ ವಹಿಸಬೇಕು ಎಂದು ಹೇಳಿ, ಹೊಣೆಯಾದವನ ಉಪಕಾರವನ್ನು ಎಂದೂ ಮರೆಯಬಾರದು ಎಂದು ಬಿಡುಗಡೆಯಾದವನಿಗೂ ಬುದ್ಧಿ ಹೇಳುತ್ತದೆ. ವಿಚಾರಿಸಿ, ಆರಿಸಿ, ಜೊತೆಗಿದ್ದು ನೋಡಿಕೊಂಡ ಅಗಸ್ಟಸ್ ನಡೆದದ್ದೂ ಈ ದಾರಿಯಲ್ಲೇ. ಸಂತ ಪೌಲರು ತಾವೇ ಸೆರೆಯಲ್ಲಿದ್ದುಕೊಂಡು, ಓಡಿಹೋಗಿದ್ದ ಗುಲಾಮ ಒನೇಸಿಮನ ಪರವಾಗಿ ಫಿಲೆಮೋನನಿಗೆ ಪತ್ರ ಬರೆದು, ಅವನು ತರಬೇಕಾದ ಸಾಲವನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವಂತೆ ಕೇಳಿಕೊಂಡರು. ಹಿಬ್ರಿಯರಿಗೆ ಬರೆದ ಪತ್ರವಂತೂ ನಮ್ಮ ಪ್ರಭುವನ್ನೇ ಶ್ರೇಷ್ಠತರವಾದ ಒಡಂಬಡಿಕೆಯ ಹೊಣೆಗಾರ ಎಂದು ಕರೆಯುತ್ತದೆ. ಶಿಲುಬೆಯ ಮೇಲೆ ನಮಗಾಗಿ ಜಾಮೀನು ನಿಂತವರು ಅವರೇ ಅಲ್ಲವೇ?

ಎಲ್ಲರೂ ನ್ಯಾಯಾಲಯಕ್ಕೆ ಹೋಗಿ ಸಹಿ ಹಾಕಲಾಗದು. ಆದರೆ ಎಲ್ಲರಿಂದಲೂ ಏನಾದರೊಂದು ಸಾಧ್ಯ. ಬಂಧನದಲ್ಲಿರುವ ಯಾರಿಗೇ ಆಗಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ ಎಂಬುದನ್ನು ಕಂಗೆಟ್ಟ ತಾಯಿಗೆ ತಿಳಿಸಿ, ಅವಳ ಜೊತೆ ಆ ಕಚೇರಿಗೆ ಹೋಗಬಹುದು. ಅಂಗಡಿಯೋ ಗ್ಯಾರೇಜೋ ಇಟ್ಟವರು ಹುಡುಗನಿಗೆ ಕೆಲಸ ಕಲಿಸಬಹುದು. ಯುವಜನ ಸಂಘ ಅವನನ್ನು ಮತ್ತೆ ಜೊತೆಗೆ ಸೇರಿಸಿಕೊಳ್ಳಬಹುದು. ಕೇರಳದಲ್ಲಿ 1980ರ ದಶಕದಲ್ಲಿ ಆರಂಭವಾಗಿ ದೇಶದಾದ್ಯಂತ ಹಬ್ಬಿರುವ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ನಮ್ಮ ಧರ್ಮಸಭೆಯ ಸೇವಾ ಸಂಘಟನೆಗೆ ಕೈ ಜೋಡಿಸಬಹುದು. ಮನೆಯ ಸಂಜೆಯ ಜಪಸರದಲ್ಲಿ ಒಂದು ದಶಕವನ್ನು ಸೆರೆಯಲ್ಲಿರುವವರಿಗೂ, ಅವರ ಮನೆಯವರಿಗೂ, ಅವರಿಂದ ನೊಂದವರಿಗೂ ಒಪ್ಪಿಸಬಹುದು.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2024ರ ಡಿಸೆಂಬರ್ 26ರಂದು ರೋಮಿನ ರೆಬಿಬ್ಬಿಯ ಸೆರೆಮನೆಯಲ್ಲಿ ಜೂಬಿಲಿಯ ಪವಿತ್ರ ದ್ವಾರವನ್ನು ತೆರೆದರು. ಸೆರೆಮನೆಯ ಬಾಗಿಲೂ ಭರವಸೆಯ ಬಾಗಿಲಾಗಬಲ್ಲುದು ಎಂದು ಲೋಕಕ್ಕೆ ತೋರಿಸಿದರು. ಆದರೆ ಆ ಬಾಗಿಲಿನಿಂದ ಹೊರಬಂದವನಿಗೆ ಇನ್ನೊಂದು ಬಾಗಿಲು ತೆರೆದಿರಬೇಕು. ಅದು ನಮ್ಮ ಮನೆಯ ಬಾಗಿಲು. ಬಾಸ್ಟನ್ನಿನ ಒಬ್ಬ ಬೂಟು ವ್ಯಾಪಾರಿ ಹದಿನೇಳು ವರ್ಷಗಳ ಕಾಲ ಆ ಬಾಗಿಲನ್ನು ತೆರೆದಿಟ್ಟರು. ನಾವು ಒಬ್ಬನಿಗಾದರೂ ತೆರೆಯಲು ದೇವರು ನಮಗೆ ಧೈರ್ಯವನ್ನೂ ವಿವೇಕವನ್ನೂ ದಯಪಾಲಿಸಲಿ.